ಇಲ್ಲ, ಅಲ್ಲ, ಬೇಡ: ಒಂದು ‘ನಹೀಂ’ಗೆ ಕನ್ನಡದಲ್ಲಿ ಎಷ್ಟು ಮಾತು?

ಪ್ರಶ್ನೆ: ನನ್ನ ತಾಯ್ನುಡಿ ಹಿಂದಿ. ಬೆಂಗಳೂರಿಗೆ ಬಂದು ಮೂರು ವರ್ಷವಾಯಿತು. ಕನ್ನಡ ಓದಲು, ಬರೆಯಲು ಕಲಿತಿದ್ದೇನೆ. ಆದರೆ ‘ನಹೀಂ’ ಎನ್ನಬೇಕಾದ ಕಡೆಯೆಲ್ಲ ಎಡವುತ್ತೇನೆ. ಕೆಳಗಿನ ಮನೆಯ ಅಜ್ಜಿ ಗೇಟಿನ ಬಳಿ ನಿಂತಿದ್ದ ಸ್ಕೂಟರನ್ನು ತೋರಿಸಿ ‘ಇದು ನಿಮ್ಮದೇ?’ ಎಂದು ಕೇಳಿದಾಗ ‘ಇಲ್ಲ’ ಎಂದೆ. ‘ಇಲ್ಲ ಅಲ್ಲ, ಅಲ್ಲ ಎನ್ನಬೇಕು’ ಎಂದು ನಕ್ಕರು. ಮರುದಿನ ಅಂಗಡಿಯವರು ‘ಚಿಲ್ಲರೆ ಇದೆಯೇ?’ ಎಂದಾಗ ಎಚ್ಚರದಿಂದ ‘ಅಲ್ಲ’ ಎಂದೆ. ಅದೂ ತಪ್ಪಾಯಿತು. ಅದೇ ಅಜ್ಜಿ ಹಬ್ಬದ ದಿನ ಊಟಕ್ಕೆ ಕರೆದರು. ‘ಬೇಡ’ ಎಂದೆ. ಅವರ ಮುಖ ಸಣ್ಣದಾಯಿತು. ಇದಕ್ಕೆ ನಿಯಮವೇನಾದರೂ ಇದೆಯೇ? ‘ಮಾಡಬೇಡಿ’, ‘ಮಾಡಬಾರದು’ ಎರಡೂ ಒಂದೇ ಅರ್ಥದವೇ?

ಉತ್ತರ: ಬೇರೆ ಭಾಷೆಯವರಿಗೆ ಸಂಜೆಯ ಹೊತ್ತು ಕನ್ನಡ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ನಿಮ್ಮ ಪ್ರಶ್ನೆ ಕೇಳದ ತಂಡ ಒಂದೂ ಇಲ್ಲ. ಆ ಪಾಠದ ದಿನ ನನ್ನ ಚೀಲದಲ್ಲಿ ಎರಡು ಸ್ಟೀಲ್ ಡಬ್ಬಿಗಳಿರುತ್ತವೆ. ಒಂದು ಖಾಲಿ. ಇನ್ನೊಂದರಲ್ಲಿ ಪುಡಿ ಉಪ್ಪು.

ಖಾಲಿ ಡಬ್ಬಿಯ ಮುಚ್ಚಳ ತೆಗೆದು ‘ಸಕ್ಕರೆ ಇದೆಯೇ?’ ಎಂದು ಕೇಳುತ್ತೇನೆ. ಎಲ್ಲರೂ ಬಗ್ಗಿ ನೋಡಿ ‘ಇಲ್ಲ’ ಎನ್ನುತ್ತಾರೆ. ಎರಡನೆಯದನ್ನು ತೆರೆದು ‘ಇದು ಸಕ್ಕರೆಯೇ?’ ಎನ್ನುತ್ತೇನೆ. ಯಾರಾದರೊಬ್ಬರು ಬೆರಳ ತುದಿಯಲ್ಲಿ ಒಂದಿಷ್ಟು ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿ ಮುಖ ಕಿವಿಚುತ್ತಾರೆ. ಆಗ ನಾನು ‘ಅಲ್ಲ’ ಎಂಬ ಮಾತನ್ನು ಅವರ ಬಾಯಿಗೆ ಕೊಡುತ್ತೇನೆ. ಮೊದಲ ಡಬ್ಬಿಯಲ್ಲಿ ವಸ್ತುವೇ ಇಲ್ಲ. ಎರಡನೆಯದರಲ್ಲಿ ವಸ್ತುವಿದೆ, ಆದರೆ ನಾನು ಹೆಸರಿಸಿದ ವಸ್ತು ಅದಲ್ಲ. ಕೊನೆಗೆ ‘ಹಾಗಾದರೆ ನಿಮ್ಮ ಚಹಾಕ್ಕೆ ಇದನ್ನೇ ಹಾಕಲೇ?’ ಎಂದು ಚಮಚ ಎತ್ತಿದರೆ ಹೇಳಿಕೊಡದೆಯೇ ನಾಲ್ಕಾರು ಕಡೆಯಿಂದ ‘ಬೇಡ’ ಬರುತ್ತದೆ. ಇರುವಿಕೆಯನ್ನು ನಿರಾಕರಿಸುವುದು ‘ಇಲ್ಲ’. ಗುರುತನ್ನು ನಿರಾಕರಿಸುವುದು ‘ಅಲ್ಲ’. ಅಪೇಕ್ಷೆಯನ್ನು ನಿರಾಕರಿಸುವುದು ‘ಬೇಡ’. ಹಿಂದಿಯ ‘ನಹೀಂ’ ಈ ಮೂರೂ ಕೆಲಸವನ್ನು ಒಂಟಿಯಾಗಿ ಮಾಡುತ್ತದೆ. ‘ಮಾಡಬೇಡ’ ಎನ್ನುವ ಕಡೆ ಮಾತ್ರ ‘ಮತ್’ ಬಂದು ಅದಕ್ಕೆ ಹೆಗಲು ಕೊಡುತ್ತದೆ.

ಇಷ್ಟು ಹೇಳಿದರೆ ನಿಯಮ ಮುಗಿಯಿತು. ಆದರೆ ನಿಯಮ ಗೊತ್ತಿದ್ದೂ ಬಾಯಿ ತಪ್ಪುವುದೇಕೆ? ನನ್ನ ಅನುಭವದಲ್ಲಿ ತಪ್ಪಿನ ಬೇರು ನಿರಾಕರಣೆಯಲ್ಲಿಲ್ಲ, ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಒಪ್ಪಿಗೆಯ ವಾಕ್ಯದಲ್ಲಿದೆ.

ಹಿಂದಿಯಲ್ಲಿ ‘ಯಹ್ ಮೇರಾ ಘರ್ ಹೈ’ ಎನ್ನುತ್ತೀರಿ, ‘ಘರ್ ಮೇಂ ಚೀನೀ ಹೈ’ ಎಂದೂ ಎನ್ನುತ್ತೀರಿ. ಎರಡು ಕಡೆಯೂ ಅದೇ ‘ಹೈ’. ಕನ್ನಡದಲ್ಲಿ ಎರಡನೆಯದು ‘ಮನೆಯಲ್ಲಿ ಸಕ್ಕರೆ ಇದೆ’, ಮೊದಲನೆಯದು ‘ಇದು ನನ್ನ ಮನೆ’. ಅಷ್ಟೇ. ಅಲ್ಲಿಗೆ ಪೂರ್ಣವಿರಾಮ. ಕ್ರಿಯಾಪದವೇ ಇಲ್ಲದೆ ವಾಕ್ಯ ಗಟ್ಟಿಯಾಗಿ ನಿಲ್ಲುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ಅರ್ಧಕ್ಕೇ ನಿಂತಂತೆ ಕೇಳಿಸುತ್ತದೆ. ಹಾಗಾಗಿ ‘ಇದು ನನ್ನ ಮನೆ ಇದೆ’, ‘ಅವರು ನನ್ನ ಅಣ್ಣ ಇದ್ದಾರೆ’ ಎಂದು ಬಾಲ ಸೇರಿಸುತ್ತಾರೆ. ಹೀಗೆ ಎಲ್ಲ ಕಡೆಯೂ ‘ಇದೆ’ಯನ್ನು ಕೂರಿಸಿದ ಮೇಲೆ ಅದನ್ನು ತಿರುಗಿಸಿದಾಗ ಎಲ್ಲ ಕಡೆಯೂ ‘ಇಲ್ಲ’ವೇ ಬರಬೇಕಲ್ಲ! ಸ್ಕೂಟರಿನ ವಿಷಯದಲ್ಲಿ ನಿಮಗಾದದ್ದು ಇದೇ. ‘ಇದು ನನ್ನದು’ ಎಂಬ ಮಾತಿನೊಳಗೆ ‘ಇದೆ’ ಇಲ್ಲ, ಆದ್ದರಿಂದ ಅದನ್ನು ಅಲ್ಲಗಳೆಯಲು ‘ಇಲ್ಲ’ ಬರಲಾರದು. ಅಜ್ಜಿಯ ವಾಕ್ಯವನ್ನೇ ಒಮ್ಮೆ ಬಿಡಿಸಿ ನೋಡಿ: ‘ಇಲ್ಲ ಅಲ್ಲ, ಅಲ್ಲ’. ಇಲ್ಲಿ ಹೇಳಬೇಕಾದ ಮಾತು ‘ಇಲ್ಲ’ ಎಂಬುದಲ್ಲ, ‘ಅಲ್ಲ’ ಎಂಬುದು. ತಿದ್ದುವಾಗಲೂ ಅವರು ಬಳಸಿದ್ದು ‘ಅಲ್ಲ’ವನ್ನೇ, ಏಕೆಂದರೆ ಒಂದು ಮಾತಿನ ಗುರುತನ್ನು ಅವರು ನಿರಾಕರಿಸುತ್ತಿದ್ದರು. ನನ್ನ ಪಾಠವೆಲ್ಲ ಆ ಒಂದು ಸಾಲಿನಲ್ಲಿದೆ.

ಹಾಗಾಗಿ ‘ನಹೀಂ’ಗೆ ಕನ್ನಡ ಮಾತು ಯಾವುದೆಂದು ಹುಡುಕಬೇಡಿ. ಎದುರಿನವರ ಪ್ರಶ್ನೆಯಲ್ಲಿ ಯಾವ ಒಪ್ಪಿಗೆ ಅಡಗಿದೆ ಎಂದು ಕೇಳಿಸಿಕೊಳ್ಳಿ. ಕನ್ನಡದಲ್ಲಿ ಪ್ರತಿಯೊಂದು ಒಪ್ಪಿಗೆಗೂ ಅದರದೇ ಆದ ನಿರಾಕರಣೆ ಜೋಡಿಯಾಗಿದೆ. ನಾವು ದಿನವೂ ಆಡುವ ನುಡಿಗಟ್ಟುಗಳೇ ಆ ಜೋಡಿಗಳನ್ನು ಕಟ್ಟಿಟ್ಟಿವೆ: ಹೌದೋ ಅಲ್ಲವೋ, ಇದೆಯೋ ಇಲ್ಲವೋ, ಬೇಕೋ ಬೇಡವೋ, ಬಂದರೋ ಇಲ್ಲವೋ. ಇವುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ. ‘ಹೌದೋ ಇಲ್ಲವೋ’ ಎಂಬುದು ಕಿವಿಗೆ ಒರಟಾಗಿ ಕೇಳತೊಡಗಿದ ದಿನ ನಿಮಗೆ ಕನ್ನಡ ಹತ್ತಿತೆಂದು ತಿಳಿಯಿರಿ.

‘ಹೌದು’ ಎಂಬ ಮಾತಿಗೆ ಸ್ವಲ್ಪ ಹೊತ್ತು ಕೊಡಬೇಕು. ಅದನ್ನು ಹಿಂದಿಯ ‘ಹಾಂ’ಗೆ ಸಮವೆಂದು ಪುಸ್ತಕಗಳು ಕಲಿಸುತ್ತವೆ. ಅದು ಅರ್ಧ ಸತ್ಯ. ‘ಆಗು’ ಧಾತುವಿನಿಂದ ಹಳಗನ್ನಡದಲ್ಲಿ ‘ಅಪ್ಪುದು’ ಎಂಬ ರೂಪವಿತ್ತು. ಅದು ‘ಅಹುದು’ ಆಗಿ, ಕೊನೆಗೆ ‘ಹೌದು’ ಆಯಿತು. ‘ನೀವು ಹೇಳಿದ್ದು ಹಾಗೆಯೇ’ ಎಂದು ಒಂದು ಸಂಗತಿಯನ್ನು ದೃಢಪಡಿಸುವ ಮಾತು ಅದು. ಆದ್ದರಿಂದಲೇ ಅದರ ಎದುರು ನಿಲ್ಲುವುದು ‘ಅಲ್ಲ’. ಉಳಿದ ಪ್ರಶ್ನೆಗಳಿಗೆ ಕನ್ನಡಿಗರು ‘ಹೌದು’ ಎನ್ನುವುದಕ್ಕಿಂತ ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿ ಹೇಳುವುದು ಹೆಚ್ಚು. ‘ಊಟವಾಯಿತೇ?’ ‘ಆಯಿತು.’ ‘ಕೀಲಿಕೈ ಇದೆಯೇ?’ ‘ಇದೆ.’ ‘ನಾಳೆ ಬರುತ್ತೀರಾ?’ ‘ಬರುತ್ತೇನೆ.’ ‘ಊಟವಾಯಿತೇ?’ ಎಂದವರಿಗೆ ಬರಿಯ ‘ಹೌದು’ ಎಂದರೆ ತಪ್ಪೆಂದು ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಅನುವಾದದ ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ.

ಈ ವಾಸನೆ ಈಗ ಕನ್ನಡಿಗರ ಕಾಗದಪತ್ರಗಳಿಗೂ ಹಬ್ಬಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅರ್ಜಿ ನಮೂನೆಗಳಲ್ಲಿ ‘ಸ್ವಂತ ಮನೆ ಇದೆಯೇ? ಹೌದು / ಇಲ್ಲ’ ಎಂದು ಅಚ್ಚಾಗಿರುತ್ತದೆ. ‘ಇದೆ / ಇಲ್ಲ’ ಎಂದು ಹಾಕಲು ಅಡ್ಡಿಯೇನು? ಮೊಬೈಲಿನಲ್ಲಿ ಫೋಟೊ ಅಳಿಸಲು ಹೋದರೆ ‘ಅಳಿಸಬೇಕೇ?’ ಎಂದು ಕೇಳಿ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಗಳನ್ನು ಕೊಡುತ್ತದೆ. ‘ಬೇಕೇ’ ಎಂದು ಕೇಳಿದವರಿಗೆ ‘ಇಲ್ಲ’ ಎನ್ನುವ ಕನ್ನಡಿಗರು ಯಾರು? ಅಲ್ಲಿ ಇರಬೇಕಾದದ್ದು ‘ಅಳಿಸಿ’, ‘ಬೇಡ’. ನೀವು ಕನ್ನಡ ಕಲಿಯುತ್ತಿರುವ ಹೊತ್ತಿನಲ್ಲಿ ಇಂಥ ನಮೂನೆಗಳನ್ನು ಗುರುವೆಂದು ನಂಬಬೇಡಿ. ಅಜ್ಜಿಯನ್ನು ನಂಬಿ.

ಇನ್ನು ಕ್ರಿಯಾಪದಗಳ ವಿಷಯ. ಇಲ್ಲಿ ಕನ್ನಡ ಕಲಿಯುವವರ ಮೇಲೆ ದೊಡ್ಡ ಉಪಕಾರ ಮಾಡಿದೆ. ಒಪ್ಪಿಗೆಯ ವಾಕ್ಯದಲ್ಲಿ ಮಾಡುತ್ತೇನೆ, ಮಾಡುತ್ತೀಯೆ, ಮಾಡುತ್ತಾನೆ, ಮಾಡುತ್ತಾಳೆ, ಮಾಡುತ್ತಾರೆ, ಮಾಡುತ್ತದೆ ಎಂದು ಬಾಲ ಬದಲಿಸುತ್ತ ನೀವು ಸುಸ್ತಾಗಿದ್ದೀರಿ. ನಿರಾಕರಣೆಯಲ್ಲಿ ನಾನು, ನೀನು, ಅವನು, ಅವಳು, ಅವರು, ಅದು ಎಲ್ಲರಿಗೂ ‘ಮಾಡುವುದಿಲ್ಲ’ ಒಂದೇ. ಲಿಂಗವಿಲ್ಲ, ವಚನವಿಲ್ಲ, ಪುರುಷಭೇದವಿಲ್ಲ. ಬದಲಾಗುವುದು ಕಾಲ ಮಾತ್ರ. ನಿನ್ನೆಯದಕ್ಕೆ ‘ಮಾಡಲಿಲ್ಲ’, ಈ ಹೊತ್ತಿನದಕ್ಕೆ ‘ಮಾಡುತ್ತಿಲ್ಲ’, ಇಷ್ಟು ಹೊತ್ತಾದರೂ ಆಗದೆ ಉಳಿದದ್ದಕ್ಕೆ ‘ಮಾಡಿಲ್ಲ’. ಇವುಗಳಲ್ಲಿ ‘ಮಾಡಲಿಲ್ಲ’ ಮತ್ತು ‘ಮಾಡಿಲ್ಲ’ ನಡುವೆ ಬಹಳ ಮಂದಿ ತಡವರಿಸುತ್ತಾರೆ. ‘ಅಡುಗೆ ಮಾಡಲಿಲ್ಲ’ ಎಂದರೆ ಆ ಹೊತ್ತು ಕಳೆದುಹೋಯಿತು, ಅಂದು ಹಸಿದೇ ಮಲಗಿದಿರಿ ಅಥವಾ ಹೊರಗೆ ತಿಂದಿರಿ. ‘ಅಡುಗೆ ಮಾಡಿಲ್ಲ’ ಎಂದರೆ ಒಲೆ ಈಗಲೂ ತಣ್ಣಗಿದೆ, ಇನ್ನು ಮೇಲೆ ಹಚ್ಚಬಹುದು.

ಇಲ್ಲಿಯೇ ‘ಇನ್ನು’, ‘ಇನ್ನೂ’ ಎಂಬ ಅವಳಿಗಳನ್ನೂ ನೋಡಿಬಿಡಿ. ‘ಅವರು ಇನ್ನೂ ಬಂದಿಲ್ಲ’ ಎಂದರೆ ಕಾಯಿರಿ ಎಂದು. ‘ಅವರು ಇನ್ನು ಬರುವುದಿಲ್ಲ’ ಎಂದರೆ ಕಾಯುವುದು ಬೇಡ ಎಂದು. ಪತ್ರಿಕೆಯಲ್ಲಿ ಹಿರಿಯರೊಬ್ಬರ ಹೆಸರಿನ ಮುಂದೆ ‘ಇನ್ನಿಲ್ಲ’ ಎಂದು ತಲೆಬರಹ ಕಂಡರೆ ಅವರು ತೀರಿಕೊಂಡಿದ್ದಾರೆ. ‘ಇಲ್ಲ’ ಇರುವಿಕೆಯ ನಿರಾಕರಣೆ ಎಂಬುದಕ್ಕೆ ಇದಕ್ಕಿಂತ ಗಾಢವಾದ ಉದಾಹರಣೆ ನನಗೆ ಗೊತ್ತಿಲ್ಲ.

‘ಮಾಡುವುದಿಲ್ಲ’ ಎಂಬುದನ್ನು ಬಿಡಿಸಿದರೆ ‘ಮಾಡುವುದು + ಇಲ್ಲ’. ಮಾಡುವಿಕೆ ಎಂಬುದೇ ಇಲ್ಲ. ಆ ಜಾಗದಲ್ಲಿ ‘ಅಲ್ಲ’ವನ್ನು ಇಟ್ಟರೆ? ‘ನಮ್ಮ ಮನೆಯಲ್ಲಿ ದೋಸೆ ಮಾಡುವುದಿಲ್ಲ’ ಎಂದರೆ ಕಾವಲಿಯೇ ಒಲೆ ಏರುವುದಿಲ್ಲ. ‘ದೋಸೆ ಹೀಗೆ ಮಾಡುವುದಲ್ಲ’ ಎಂದರೆ ದೋಸೆ ಮಾಡುವುದುಂಟು, ಆದರೆ ನೀವು ಮಾಡುತ್ತಿರುವ ಬಗೆ ಸರಿಯಾದ ಬಗೆಯಲ್ಲ. ಹಾಗೆಯೇ ‘ಅವರು ಬಂದಿಲ್ಲ’ ಎಂದರೆ ಕುರ್ಚಿ ಖಾಲಿ, ‘ಬಂದದ್ದು ಅವರಲ್ಲ’ ಎಂದರೆ ಕುರ್ಚಿಯಲ್ಲಿ ಯಾರೋ ಬೇರೆಯವರು ಕೂತಿದ್ದಾರೆ. ಖಾಲಿ ಡಬ್ಬಿ, ಉಪ್ಪಿನ ಡಬ್ಬಿ. ಬಸ್ಸಿನಲ್ಲಿ ಕಂಡಕ್ಟರ್ ‘ಇಲ್ಲಿ ಅಲ್ಲ, ಮುಂದೆ ಇಳಿಯಿರಿ’ ಎನ್ನುತ್ತಾರೆ. ಇಳಿಯುವುದಂತೂ ಇದೆ, ಜಾಗ ಇದಲ್ಲ. ‘ನನ್ನ ಕೊಡೆ ಇಲ್ಲಿ ಇಲ್ಲ’ ಎನ್ನುವಾಗ ಕೊಡೆಯ ಇರುವಿಕೆಯೇ ಪ್ರಶ್ನೆ.

ಫೋನಿನಲ್ಲಿ ಈ ವ್ಯತ್ಯಾಸ ತಪ್ಪಿದರೆ ಕೆಲಸ ಕೆಡುತ್ತದೆ. ಯಾರೋ ಕರೆಮಾಡಿ ‘ಡಾಕ್ಟರ ಮನೆಯೇ?’ ಎಂದು ಕೇಳಿದರೆನ್ನಿ. ಅದು ತಪ್ಪು ನಂಬರಾದರೆ ‘ಅಲ್ಲ’ ಎನ್ನಬೇಕು. ನೀವು ‘ಇಲ್ಲ’ ಎಂದರೆ ಆ ಕಡೆಯವರು ಡಾಕ್ಟರು ಮನೆಯಲ್ಲಿಲ್ಲವೆಂದು ತಿಳಿದು ‘ಎಷ್ಟು ಹೊತ್ತಿಗೆ ಬರುತ್ತಾರೆ?’ ಎಂದು ಮುಂದುವರಿಸುತ್ತಾರೆ.

ಗುಣ ಹೇಳುವ ಮಾತುಗಳಲ್ಲಿ ಮಾತ್ರ ಕೊಂಚ ನಿಧಾನಿಸಬೇಕು. ‘ಚೆನ್ನಾಗಿದೆ’ ಎಂಬುದರೊಳಗೆ ‘ಇದೆ’ ಕೂತಿದೆ, ಆದ್ದರಿಂದ ‘ಚೆನ್ನಾಗಿಲ್ಲ’. ‘ಒಳ್ಳೆಯದು’ ಎಂಬುದರೊಳಗೆ ‘ಇದೆ’ ಇಲ್ಲ, ಆದ್ದರಿಂದ ‘ಒಳ್ಳೆಯದಲ್ಲ’. ಹಿಂದಿಯಲ್ಲಿ ಎರಡಕ್ಕೂ ‘ಅಚ್ಛಾ ನಹೀಂ ಹೈ’ ಸಾಕಾಗುತ್ತದೆ. ಕನ್ನಡದಲ್ಲಿ ಅವು ಬೇರೆ ಬೇರೆ ಸಂಗತಿಗಳು. ‘ಸಾರು ಚೆನ್ನಾಗಿಲ್ಲ’ ಎಂದರೆ ರುಚಿ ಕೆಟ್ಟಿದೆ. ‘ರಾತ್ರಿ ಮೊಸರು ಒಳ್ಳೆಯದಲ್ಲ’ ಎಂದರೆ ಅದು ಹಿರಿಯರ ತೀರ್ಪು. ಮೊಸರು ಎಷ್ಟೇ ಚೆನ್ನಾಗಿದ್ದರೂ ಒಳ್ಳೆಯದಲ್ಲದಿರಬಹುದು.

ಇದೇ ಬಗೆಯ ಇನ್ನೊಂದು ಜೋಡಿ ನನಗೆ ಬಹಳ ಇಷ್ಟ. ‘ಗಡಿಯಾರ ಸರಿ ಇಲ್ಲ’ ಎಂದರೆ ಕೆಟ್ಟಿದೆ, ರಿಪೇರಿಗೆ ಕೊಡಬೇಕು. ‘ನೀವು ಮಾಡಿದ್ದು ಸರಿಯಲ್ಲ’ ಎಂದರೆ ನ್ಯಾಯದ ಮಾತು. ‘ಸರಿ ಇಲ್ಲ’ ಸ್ಥಿತಿಯನ್ನು ಹೇಳುತ್ತದೆ, ‘ಸರಿಯಲ್ಲ’ ನಡೆಯನ್ನು ಅಳೆಯುತ್ತದೆ. ಹಾಗಾಗಿ ಮನುಷ್ಯರ ಬಗ್ಗೆ ‘ಸರಿ ಇಲ್ಲ’ ಎನ್ನುವಾಗ ಎಚ್ಚರವಿರಲಿ. ‘ಅವರಿಗೆ ಮೈ ಸರಿ ಇಲ್ಲ’ ಎಂದರೆ ಹುಷಾರಿಲ್ಲ ಎಂದಷ್ಟೇ. ‘ಅವರು ಸರಿ ಇಲ್ಲ’ ಎಂದುಬಿಟ್ಟರೆ ಅವರ ನಡತೆಯ ಮೇಲೆಯೇ ಕೆಸರು ಬೀಳುತ್ತದೆ. ಜ್ವರ ಬಂದು ಮಲಗಿದ್ದ ಮೇಲಧಿಕಾರಿಯ ಬಗ್ಗೆ ನನ್ನ ವಿದ್ಯಾರ್ಥಿಯೊಬ್ಬರು ಕಚೇರಿಯಲ್ಲಿ ಎಲ್ಲರ ಮುಂದೆ ‘ನಮ್ಮ ಸಾಹೇಬರು ಸರಿ ಇಲ್ಲ’ ಎಂದಿದ್ದರು. ಕಾಳಜಿಯಿಂದಲೇ ಹೇಳಿದ ಮಾತು. ಒಂದು ‘ಮೈ’ ಬಿಟ್ಟುಹೋಗಿತ್ತು.

ಈ ಎರಡು ಮಾತುಗಳು ವಾಕ್ಯದ ನಡುವೆ ಸೇರಿಕೊಂಡಾಗಲೂ ತಮ್ಮ ಸ್ವಭಾವ ಬಿಡುವುದಿಲ್ಲ. ‘ಇಲ್ಲದೆ’ ಎಂದರೆ ಜೊತೆಗಿರದೆ, ‘ಅಲ್ಲದೆ’ ಎಂದರೆ ಬಿಟ್ಟು, ಹೊರತು. ‘ಅಮ್ಮನಿಲ್ಲದೆ ಮಗು ಯಾರ ಬಳಿಯೂ ಹೋಗುವುದಿಲ್ಲ’ ಎಂದರೆ ಅಮ್ಮ ಜೊತೆಗಿದ್ದರೆ ಮಗು ಬೇರೆಯವರ ಬಳಿ ಹೋಗುತ್ತದೆ. ‘ಅಮ್ಮನಲ್ಲದೆ ಮಗು ಯಾರ ಬಳಿಯೂ ಹೋಗುವುದಿಲ್ಲ’ ಎಂದರೆ ಅದು ಹೋಗುವುದು ಅಮ್ಮನ ಬಳಿಗೆ ಮಾತ್ರ. ಒಂದೇ ಅಕ್ಷರದ ಅಂತರದಲ್ಲಿ ಮಗುವಿನ ಸ್ವಭಾವವೇ ಬದಲಾಗಿ ಹೋಯಿತು. ವಾಕ್ಯದ ಮೊದಲಲ್ಲಿ ಬರುವ ‘ಅಲ್ಲದೆ’ಗೆ ‘ಅದರ ಜೊತೆಗೆ’ ಎಂಬ ಅರ್ಥವೂ ಇದೆ, ಪತ್ರಿಕೆಗಳಲ್ಲಿ ದಿನವೂ ಕಾಣುತ್ತೀರಿ. ‘ಕಾಫಿ ಇಲ್ಲವೇ ಚಹಾ’ ಎಂಬಲ್ಲಿ ‘ಇಲ್ಲವೇ’ ಎಂದರೆ ‘ಅಥವಾ’. ಮಾತಿನ ಕೊನೆಗೆ ಒಪ್ಪಿಗೆ ಬೇಡುತ್ತ ಬರುವುದು ‘ಅಲ್ಲವೇ’. ಆಡುಮಾತಿನಲ್ಲಿ ಅದು ಸವೆದು ‘ಅಲ್ವಾ’ ಆಗಿ ಬೆಂಗಳೂರಿನಲ್ಲಿ ನಿಮ್ಮ ಕಿವಿಗೆ ದಿನಕ್ಕೆ ನೂರು ಸಲ ಬೀಳುತ್ತಿರಬೇಕು.

ಈಗ ‘ಬೇಡ’. ಇದಕ್ಕೆ ಎರಡು ಕೆಲಸ. ಒಂದು, ‘ನನಗೆ ಬೇಡ’ ಎಂದು ವಸ್ತುವನ್ನು ನಿರಾಕರಿಸುವುದು. ಇಲ್ಲಿ ‘ನಾನು’ ಎಂಬುದು ‘ನನಗೆ’ ಆಗಲೇಬೇಕು. ‘ನಾನು ಬೇಡ’ ಎಂದರೆ ನನ್ನನ್ನೇ ಬಿಟ್ಟುಬಿಡಿ ಎಂದಂತೆ. ಇನ್ನೊಂದು, ಕ್ರಿಯಾಪದಕ್ಕೆ ಅಂಟಿಕೊಂಡು ತಡೆಯುವುದು: ಹೋಗಬೇಡ, ಹೋಗಬೇಡಿ. 12ನೆಯ ಶತಮಾನದ ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನವನ್ನು ಕೇಳಿರುತ್ತೀರಿ. ಅದರಲ್ಲಿ ಸಾಲಾಗಿ ಏಳು ‘ಬೇಡ’ಗಳಿವೆ. ಎಂಟುನೂರು ವರ್ಷ ಕಳೆದರೂ ಆ ರೂಪ ಒಂದಿಷ್ಟೂ ಹಳತಾಗಿಲ್ಲ. ಗೌರವಕ್ಕಾಗಿ ‘ಇ’ ಸೇರಿ ‘ಬೇಡಿ’ ಆಗುವುದು ಈ ಎರಡನೆಯ ಕೆಲಸದಲ್ಲಿ ಮಾತ್ರ. ಅಂಗಡಿಯವರು ‘ಚೀಲ ಬೇಕೇ?’ ಎಂದಾಗ ಮರ್ಯಾದೆಯಿರಲೆಂದು ‘ಬೇಡಿ’ ಎನ್ನುವವರನ್ನು ಕಂಡಿದ್ದೇನೆ. ಒಂಟಿಯಾಗಿ ನಿಂತ ‘ಬೇಡಿ’ಗೆ ಭಿಕ್ಷೆ ಕೇಳಿ ಎಂಬ ಅರ್ಥ ಬರುತ್ತದೆ. ಮರ್ಯಾದೆ ತೋರಿಸಬೇಕಾದರೆ ‘ಬೇಡ ಸರ್’, ‘ಬೇಡ ಅಣ್ಣ’, ‘ಬೇಡಮ್ಮ’ ಎನ್ನಿ.

ಜೋಡಿಗಳ ಸೂತ್ರ ಒಂದು ಕಡೆ ಕೈಕೊಡುತ್ತದೆ. ನೀವು ಕೊನೆಯಲ್ಲಿ ಕೇಳಿದ್ದು ಅದನ್ನೇ. ‘ಹೋಗಬೇಕು’ ಎಂಬುದಕ್ಕೆ ಎದುರು ಮಾತು ‘ಹೋಗಬೇಡ’ ಎಂದು ಸಲೀಸಾಗಿ ಹೇಳಲಾಗದು. ‘ಹೋಗಬೇಕಾಗಿಲ್ಲ’ ಎಂದರೆ ಹೋಗುವ ಅಗತ್ಯವಿಲ್ಲ, ಹೋದರೂ ತಪ್ಪಿಲ್ಲ. ‘ಹೋಗಬೇಡಿ’ ಎಂದರೆ ಎದುರಿಗಿರುವವರನ್ನು ನೀವೇ ತಡೆಯುತ್ತಿದ್ದೀರಿ. ‘ಹೋಗಬಾರದು’ ಎಂದರೆ ಹೋಗುವುದು ಸಲ್ಲದು. ಅಲ್ಲಿ ತಡೆಯುವುದು ನೀವಲ್ಲ, ನಿಯಮವೋ ನೀತಿಯೋ ವೈದ್ಯರ ಸಲಹೆಯೋ ತಡೆಯುತ್ತಿದೆ. ಉದ್ಯಾನದ ಫಲಕದಲ್ಲಿ ‘ಹೂ ಕೀಳಬಾರದು’ ಎಂದು ಬರೆದಿರುತ್ತಾರೆ, ಕಾವಲುಗಾರ ಮಾತ್ರ ‘ಹೂ ಕೀಳಬೇಡಿ’ ಎಂದು ಕೂಗುತ್ತಾನೆ. ‘ಹೋಗಕೂಡದು’ ಎಂದರೆ ಇನ್ನೂ ಬಿಗಿ, ಅದರಲ್ಲಿ ಅಪ್ಪನ ಗಂಟಲಿದೆ.

ಈ ವ್ಯತ್ಯಾಸ ಸಣ್ಣದಲ್ಲ. ನನ್ನ ತರಗತಿಗೆ ಬರುತ್ತಿದ್ದ ಒಬ್ಬರು ಮನೆಗೆಲಸದ ಅಕ್ಕನಿಗೆ ಶನಿವಾರ ಸಂಜೆ ಪ್ರೀತಿಯಿಂದಲೇ ‘ನಾಳೆ ನೀವು ಬರಬಾರದು’ ಎಂದರಂತೆ. ಭಾನುವಾರ ರಜೆ ತೆಗೆದುಕೊಳ್ಳಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಆಕೆ ಸೋಮವಾರವೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಬುಧವಾರ ಹುಡುಕಿಕೊಂಡು ಹೋದರೆ ಬಾಗಿಲಲ್ಲೇ ನಿಂತು ‘ನನ್ನಿಂದ ಏನು ತಪ್ಪಾಯಿತು?’ ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ. ‘ನಾಳೆ ಬರಬೇಕಾಗಿಲ್ಲ’ ಎಂದಿದ್ದರೆ ಸಾಕಿತ್ತು. ‘ನಾಳೆ ಆರಾಮ ಮಾಡಿ, ಬರುವುದು ಬೇಡ’ ಎಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆ ದಿನದಿಂದ ನಾನು ‘ಬಾರದು’ ಪಾಠವನ್ನು ಎರಡನೆಯ ತಿಂಗಳಿನಿಂದ ಎರಡನೆಯ ವಾರಕ್ಕೆ ತಂದೆ.

‘ಬಾರದು’ ಎಂಬುದರ ನಿಜವಾದ ಜೋಡಿ ‘ಬಹುದು’. ಎರಡೂ ‘ಬರು’ ಎಂಬ ಧಾತುವಿನ ಮಕ್ಕಳು, ‘ಬರ್ಪುದು’ ಎಂಬುದು ಸವೆದು ‘ಬಹುದು’ ಆಗಿದೆ. ಇಲ್ಲಿ ಕುಳಿತುಕೊಳ್ಳಬಹುದು, ಇಲ್ಲಿ ಕುಳಿತುಕೊಳ್ಳಬಾರದು. ಅನುಮತಿಯ ಅರ್ಥದಲ್ಲಿ ಮಾತ್ರ ಇದು ಸಲ್ಲುತ್ತದೆ. ‘ಇವತ್ತು ಮಳೆ ಬರಬಹುದು’ ಎಂಬ ಊಹೆಯನ್ನು ತಿರುಗಿಸಲು ‘ಮಳೆ ಬರಬಾರದು’ ಎಂದರೆ ಮಳೆಗೇ ಆಜ್ಞೆ ಮಾಡಿದಂತಾಗುತ್ತದೆ. ಆಗ ‘ಬರಲಿಕ್ಕಿಲ್ಲ’ ಅಥವಾ ‘ಬರದೇ ಇರಬಹುದು’ ಎನ್ನಬೇಕು.

ಬಾರದು, ಕೂಡದು, ಸಲ್ಲದು, ಆಗದು, ಸಾಲದು. ಇವುಗಳಲ್ಲಿ ‘ಇಲ್ಲ’ವೂ ಇಲ್ಲ, ‘ಅಲ್ಲ’ವೂ ಇಲ್ಲ, ಆದರೂ ನಿರಾಕರಣೆ ಇದೆ. ಎಲ್ಲಿ ಅಡಗಿದೆ? ಹಳಗನ್ನಡದಲ್ಲಿ ಧಾತುವಿಗೆ ಕಾಲದ ಗುರುತೇನನ್ನೂ ಹಚ್ಚದೆ ನೇರವಾಗಿ ಪುರುಷ ಪ್ರತ್ಯಯ ಸೇರಿಸಿದರೆ ಅದೇ ನಿಷೇಧವಾಗುತ್ತಿತ್ತು: ಮಾಡೆನು, ಮಾಡನು, ಮಾಡಳು, ಮಾಡರು, ಮಾಡದು. ನಿರಾಕರಣೆಗೆ ಪ್ರತ್ಯೇಕ ಪದವೇ ಬೇಕಿರಲಿಲ್ಲ. ಆ ದೊಡ್ಡ ಮರ ಬಿದ್ದುಹೋಗಿ ಶತಮಾನಗಳಾದವು, ಈಗ ಉಳಿದಿರುವುದು ಅದರ ಕೊರಡುಗಳು. ಉತ್ತರ ಕರ್ನಾಟಕದಲ್ಲಿ ‘ಒಲ್ಲೆ’ ಎಂಬುದು ಇಂದಿಗೂ ಮಕ್ಕಳ ಬಾಯಲ್ಲಿದೆ. ‘ನನಗೆ ಬೇಡ’ ಎನ್ನುವುದಕ್ಕಿಂತ ಅದರಲ್ಲಿ ಹಟ ಹೆಚ್ಚು. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯ ‘ಲಾರದ’ ಇದೇ ಕುಲದ್ದು. ಪೊಲೀಸರ ಪ್ರಕಟಣೆಗಳಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಓದುತ್ತೀರಲ್ಲ, ಆ ‘ಕಾಣೆ’ಯಲ್ಲಿಯೂ ಕಾಣ್ ಧಾತುವಿನ ಹಳೆಯ ನಿಷೇಧವೇ ಉಸಿರು ಹಿಡಿದುಕೊಂಡಿದೆ. ಇವನ್ನು ಹೊಸದಾಗಿ ಕಟ್ಟಲು ಹೋಗಬೇಡಿ, ಇರುವವನ್ನು ಗುರುತಿಸಿದರೆ ಸಾಕು.

ನಿಮಗೆ ಸಮಾಧಾನವಾಗುವುದಾದರೆ ಹೇಳುತ್ತೇನೆ, ಈ ಮೂರು ದಾರಿಗಳು ಕನ್ನಡ ಒಂದೇ ಕಟ್ಟಿಕೊಂಡದ್ದಲ್ಲ. ತೆಲುಗಿನಲ್ಲಿ ಲೇದು, ಕಾದು, ವದ್ದು. ಮಲಯಾಳದಲ್ಲಿ ಇಲ್ಲ,ಅಲ್ಲ, ವೇಂಡ. ತುಳುವಿನಲ್ಲಿ ಇಜ್ಜಿ, ಅತ್ತ್, ಬೊಡ್ಚಿ. ಹಿಂದಿಯ ಬಳಗದವೇ ಆದ ಮರಾಠಿಯಲ್ಲಿ ನಾಹೀ, ನವ್ಹೇ, ನಕೋ ಇವೆ, ಕೊಂಕಣಿಯಲ್ಲಿ ನಾ, ನ್ಹಯ್, ನಾಕಾ ಇವೆ. ಆಡುಮಾತಿನ ತಮಿಳು ಮಾತ್ರ ‘ಇಲ್ಲೈ’ ಒಂದರಲ್ಲಿಯೇ ಮೊದಲ ಎರಡನ್ನೂ ಮುಗಿಸಿಬಿಡುತ್ತದೆ. ನನ್ನ ತರಗತಿಯಲ್ಲಿ ಮಲಯಾಳಿಗಳು ಈ ಪಾಠದ ದಿನ ಕೈಕಟ್ಟಿ ಕೂತಿರುತ್ತಾರೆ. ತಮಿಳರು ಮತ್ತು ಹಿಂದಿಯವರು ಒಂದೇ ಬೆಂಚಿನಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಾರೆ.

ಪ್ರಶ್ನೆಯೇ ನಿರಾಕರಣೆಯ ರೂಪದಲ್ಲಿದ್ದರೆ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೆ ಇಂದಲ್ಲ ನಾಳೆ ಎದುರಾಗುತ್ತದೆ. ‘ನೀವು ಬರುವುದಿಲ್ಲವೇ?’ ಎಂದರೆ ‘ಹೌದು’ ಎಂದರೂ ಗೊಂದಲ, ‘ಇಲ್ಲ’ ಎಂದರೂ ಗೊಂದಲ. ಕ್ರಿಯಾಪದವನ್ನು ಪೂರ್ತಿಯಾಗಿ ಹೇಳಿಬಿಡಿ: ‘ಬರುತ್ತೇನೆ’ ಅಥವಾ ‘ಬರುವುದಿಲ್ಲ’. ಕನ್ನಡಿಗರೂ ಅದನ್ನೇ ಮಾಡುತ್ತಾರೆ.

ಇನ್ನು ಅಜ್ಜಿಯ ಸಣ್ಣಗಾದ ಮುಖ. ಅಲ್ಲಿ ನಿಮ್ಮ ವ್ಯಾಕರಣ ಸರಿಯಾಗಿಯೇ ಇತ್ತು. ಆದರೆ ಕನ್ನಡದ ಮನೆಗಳಲ್ಲಿ ಬರಿಯ ‘ಇಲ್ಲ’, ಬರಿಯ ‘ಬೇಡ’ ಎರಡೂ ಭಾರವಾದ ಮಾತುಗಳು. ನನ್ನ ತಾಯಿ ಡಬ್ಬಿ ಬರಿದಾದಾಗ ‘ಅಕ್ಕಿ ಇಲ್ಲ’ ಎಂದದ್ದನ್ನು ನಾನು ಕೇಳಿಲ್ಲ, ‘ಅಕ್ಕಿ ತರಬೇಕು’ ಎನ್ನುತ್ತಿದ್ದರು. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೂ ಇದೇ ಮನಸ್ಸಿನಿಂದ. ಊಟದ ಕರೆ ವಸ್ತುವಲ್ಲ, ‘ಬೇಕೇ, ಬೇಡವೇ’ ಎಂದು ತೂಗಲು. ಬರಲಾಗದಿದ್ದರೆ ‘ಈಗ ತಾನೇ ಆಯಿತು ಅಜ್ಜಿ, ಇನ್ನೊಂದು ದಿನ ಖಂಡಿತ ಬರುತ್ತೇನೆ’ ಎನ್ನಿ. ಎಲೆಯ ಮುಂದೆ ಕುಳಿತ ಮೇಲೆ ಬಡಿಸಲು ಬಂದವರಿಗೆ ‘ಬೇಡ’ ಎನ್ನುವುದಕ್ಕಿಂತ ‘ಸಾಕು’ ಎನ್ನುವುದು ಲೇಸು. ‘ಬೇಡ’ ಎಂದರೆ ಪದಾರ್ಥವನ್ನು ಒಲ್ಲೆ ಎಂದಂತೆ, ‘ಸಾಕು’ ಎಂದರೆ ನೀವು ಬಡಿಸಿದ್ದರಿಂದ ತುಂಬಿತು ಎಂದಂತೆ.

ಹಬ್ಬದ ಊಟ ತಪ್ಪಿದ್ದಕ್ಕೆ ಈಗಲೂ ಹೊತ್ತು ಮೀರಿಲ್ಲ. ಅಜ್ಜಿಯ ಬಳಿ ಹೋಗಿ ‘ಆ ದಿನ ಬೇಡ ಎನ್ನಬಾರದಿತ್ತು, ಹೇಗೆ ಹೇಳಬೇಕೆಂದು ಗೊತ್ತಾಗಲಿಲ್ಲ’ ಎನ್ನಿ. ‘ಗೊತ್ತಿಲ್ಲ’ ಅಲ್ಲ, ‘ಗೊತ್ತಾಗಲಿಲ್ಲ’. ಗೊತ್ತಿಲ್ಲ ಎಂದರೆ ಈಗಲೂ ತಿಳಿಯದು, ಗೊತ್ತಾಗಲಿಲ್ಲ ಎಂದರೆ ಆ ಹೊತ್ತಿಗೆ ಹೊಳೆಯಲಿಲ್ಲ. ಅವರು ‘ಅಲ್ಲ, ಅದಕ್ಕೇನಂತೆ, ಒಳಗೆ ಬನ್ನಿ’ ಎಂದರೆ ಆ ಮೊದಲ ‘ಅಲ್ಲ’ವನ್ನು ಕೇಳಿ ಗಾಬರಿಯಾಗಬೇಡಿ. ಮಾತು ಎತ್ತಿಕೊಳ್ಳುವಾಗ ನಾವು ಹಾಗೆ ‘ಅಲ್ಲ’ ಎಂದು ಶುರುಮಾಡುವುದುಂಟು. ಅದು ಯಾವುದನ್ನೂ ನಿರಾಕರಿಸುವುದಿಲ್ಲ.